ಗುಡಿಗೆ ಹೋಗದೆ ಉಳಿದ ಆಂಜನೇಯ

ಮ್ಯೂಸಿಯಂಗಳಿಗೆ ವಸ್ತುಗಳನ್ನು ಜೋಡಿಸಿಕೊಡುವುದು ನನ್ನ ಕೆಲಸ. ಹೋದ ವರ್ಷ ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಿಂದ ಒಂದು ಮನೆಯವರು ಕರೆದರು. ತೀರಿಕೊಂಡ ಹಿರಿಯ ಶಿಲ್ಪಿ ಕೆಲಸ ಮಾಡುತ್ತಿದ್ದ ಕೊಟ್ಟಿಗೆಯನ್ನೇ ಅವರ ನೆನಪಿನ ಮ್ಯೂಸಿಯಂ ಮಾಡುವ ಆಸೆ ಅವರಿಗೆ. ಆ ಊರಲ್ಲಿ ಬೀದಿಗೆ ಕಾಲಿಟ್ಟರೆ ಸಾಕು, ಉಳಿ ಸದ್ದು ಕಿವಿಗೆ ಬೀಳುತ್ತದೆ.

ಮೊದಲ ದಿನವೇ ತಪ್ಪು ಮಾಡಿದೆ. ನಯವಾಗಿ ಮುಗಿದ ನಾಲ್ಕು ವಿಗ್ರಹ ಆರಿಸಿ, ಉಳಿದದ್ದನ್ನೆಲ್ಲ ಹೊರಗೆ ಹಾಕಲು ಸೀಮೆಸುಣ್ಣದಲ್ಲಿ ಗುರುತು ಮಾಡಿದೆ. ಅದರಲ್ಲಿ ಮೊಣಕಾಲೆತ್ತರದ ಒಂದು ಆಂಜನೇಯ ಇತ್ತು. ಮೊಣಕೈ ಹತ್ತಿರ ಕೂದಲೆಳೆಯಷ್ಟು ಬಿರುಕು. ಅಷ್ಟಕ್ಕೇ ಕೆಲಸ ನಿಂತಿತ್ತು. ಭಿನ್ನವಾದದ್ದು ಪೂಜೆಗೆ ಬರುವುದಿಲ್ಲ.

ಮನೆಯ ಸೊಸೆ ಗುರುತು ನೋಡಿ ಅಂದರು, "ಅಕ್ಕಾ, ಪೂರ್ತಿ ಆದ ದೇವರೆಲ್ಲ ಗುಡಿಗೆ ಹೋಗ್ತಾವೆ. ಮಾವ ಹೆಂಗೆ ಕೆಲಸ ಮಾಡ್ತಿದ್ರು ಅಂತ ನೋಡೋಕೆ ನಮಗೆ ಉಳಿದಿರೋದು ಇದೇ ಅಲ್ವಾ?"

ನನ್ನ ತಲೆಯಲ್ಲಿದ್ದದ್ದು ಪ್ಯಾರಿಸ್ಸಿನಲ್ಲಿರುವ, ಫ್ರೆಂಚ್ ಶಿಲ್ಪಿ ರೋಡಿನ್ ಅವರ ಮ್ಯೂಸಿಯಂ. ರೋಡಿನ್ 1916ರಲ್ಲಿ ತಮ್ಮ ಕೃತಿಗಳನ್ನು ಫ್ರಾನ್ಸ್ ಸರ್ಕಾರಕ್ಕೆ ಕೊಟ್ಟರು. 1919ರಲ್ಲಿ ಮ್ಯೂಸಿಯಂ ಬಾಗಿಲು ತೆರೆಯಿತು. ಅವರು ಮಣ್ಣಲ್ಲಿ ಮಾಡಿದ್ದಕ್ಕೆ ಅಚ್ಚು ತೆಗೆದು ಕಂಚಿನಲ್ಲಿ ಎರಕ ಹೊಯ್ಯಿಸುತ್ತಿದ್ದರು. ಹಾಗಾಗಿ ಅವರ 'ಚಿಂತಕ' ಎಂಬ ಶಿಲ್ಪ ಎಷ್ಟೋ ದೇಶಗಳಲ್ಲಿದೆ, ಪ್ಯಾರಿಸ್ಸಿನಲ್ಲೂ ಇದೆ. ಕಲ್ಲಿನ ದೇವರು ಒಂದೇ. ಗರ್ಭಗುಡಿ ಸೇರಿದರೆ ಮುಗಿಯಿತು. ಅದೇ ರೋಡಿನ್ ಪ್ಲಾಸ್ಟರಿನ ಬಿಡಿ ಕೈ, ಕಾಲು, ತಲೆಗಳನ್ನು ರಾಶಿಗಟ್ಟಲೆ ಜೋಪಾನ ಮಾಡಿದ್ದರು. ಅವು ಪ್ಯಾರಿಸ್ಸಿನ ಹತ್ತಿರದ ಮ್ಯೂಡಾನ್‌ನ ಅವರ ಮನೆಯಲ್ಲಿವೆ. ಇದನ್ನು ಓದಿಯೂ ನನಗೆ ಹೊಳೆದಿರಲಿಲ್ಲ.

ಸೀಮೆಸುಣ್ಣ ಒರೆಸಿ, ಆಂಜನೇಯನ ಮುಂದೆ ಕೂತು ಮತ್ತೆ ನೋಡಿದೆ. ಪಾದದ ಹತ್ತಿರ ದಪ್ಪ ಉಳಿಯ ಒರಟು ಗುಂಡಿಗಳು. ಸೊಂಟಕ್ಕೆ ಬಂದರೆ ಸಣ್ಣ ಉಳಿಯ ಗೀಟು. ಭುಜ ಉಜ್ಜಿ ನಯ ಮಾಡಿದ್ದಾರೆ. ನೆತ್ತಿಯಿಂದ ಕೆಳಗಿನವರೆಗೆ ಕೆಂಪು ಬಣ್ಣದ ನೆಟ್ಟನೆ ಗೆರೆ. ತಾಳದ, ಅಂದರೆ ವಿಗ್ರಹದ ಅಳತೆಯ, ಲೆಕ್ಕಕ್ಕೆ ಎಳೆದ ನಡುಗೆರೆ ಅದು, ಕೆತ್ತುತ್ತಾ ಹೋದಂತೆ ಅಳಿಸುತ್ತದೆ. ಕಣ್ಣಿನ ಜಾಗದಲ್ಲಿ ಬರೀ ಉಬ್ಬು. ಕಣ್ಣು ತೆರೆಸುವುದು ಕೊನೆಗೆ ತಾನೆ? ಒಬ್ಬ ಮನುಷ್ಯನ ಕೆಲಸದ ಅಷ್ಟೂ ಹಂತ ಒಂದೇ ಕಲ್ಲಲ್ಲಿ ಸಿಕ್ಕಿತು.

ಈಗ ಅದು ಕೊಟ್ಟಿಗೆಯ ನಡುವೆ ಇದೆ. ಅವರ ಉಳಿ, ಸುತ್ತಿಗೆಗಳು ಪಕ್ಕದಲ್ಲೇ. ಗುಡಿಗೆ ಹೋದ ವಿಗ್ರಹಗಳ ಫೋಟೊ ತೆಗೆಯುವುದು ಬಾಕಿ. ಹೂವು, ಬೆಳ್ಳಿ ಕವಚ ಹಾಕಿದರೆ ಕೆತ್ತನೆ ಕಾಣುವುದಿಲ್ಲ. ಅರ್ಚಕರನ್ನು ಕೇಳಿಕೊಂಡು ಬೆಳಗಿನ ಅಭಿಷೇಕದ ಹೊತ್ತಿಗೆ ಒಂದೊಂದೇ ಊರಿಗೆ ಹೋಗುತ್ತಿದ್ದೇನೆ.