ರಾಯಚೂರಿನಲ್ಲಿ ಕಲ್ಲಿಗೆ ಬೆಲೆ ಕಟ್ಟಿದ ಕಥೆ

ರಾಯಚೂರಿನ ಕೋಟೆಯನ್ನು ನೋಡಹೋಗುವವರು ಬೆಟ್ಟ ಹತ್ತುವ ಮೊದಲು ಬಸ್ ನಿಲ್ದಾಣದ ಸಮೀಪದಲ್ಲಿರುವ ಪಶ್ಚಿಮದ ಗೋಡೆಯ ಬಳಿ ಹೋಗಿ ನಿಲ್ಲಬೇಕು ಎಂಬುದು ನನ್ನ ಅಭಿಪ್ರಾಯ. ಆಟೋದವರಿಗೆ ‘ಕೋಟೆ’ ಎಂದಷ್ಟೇ ಹೇಳಿದರೆ ಯಾವ ಬಾಗಿಲಿಗೆ ಒಯ್ಯುತ್ತಾರೋ ತಿಳಿಯದು. ನನ್ನನ್ನು ನವರಂಗಿ ದರ್ವಾಜದ ಹತ್ತಿರ ಇಳಿಸಿ, ಮರಳಿ ಈಚೆ ಬರಲು ಮತ್ತೊಂದು ಬಾಡಿಗೆ ಕಿತ್ತುಕೊಂಡರು. ‘ಶಾಸನದ ಕಲ್ಲು’ ಎಂದೇ ಕೇಳಿರಿ.

ಆ ಕಲ್ಲಿನ ಉದ್ದ 41 ಅಡಿಗೂ ಹೆಚ್ಚು. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಕೋಟೆ ಕಟ್ಟಿಸಿದ ವಿವರ ಅದರ ಮೇಲಿದೆ. ಆದರೆ ನನ್ನನ್ನು ಅಲ್ಲಿಯೇ ಹಿಡಿದು ನಿಲ್ಲಿಸಿದ್ದು ಅಕ್ಷರಗಳಲ್ಲ, ಪಕ್ಕದ ಚಿತ್ರ. ಗಾಲಿಬಂಡಿಯ ಮೇಲೆ ಇದೇ ಕಲ್ಲನ್ನು ಹೇರಿ, ಸಾಲುಸಾಲಾಗಿ ಕೋಣಗಳನ್ನು ಹೂಡಿ ಎಳೆತಂದ ಬಗೆಯನ್ನು ಕಲ್ಲಿನ ಮೇಲೆಯೇ ಕೊರೆದಿದ್ದಾರೆ. ರಾಜರ ಬಿರುದಾವಳಿಯನ್ನು ಎಲ್ಲ ಕಡೆಯೂ ಓದಬಹುದು. ದುಡಿಮೆಯ ದಾಖಲೆ ಹೀಗೆ ಉಳಿದಿರುವುದು ಅಪರೂಪ.

ನೆರಳಿಗೆ ಕುಳಿತಿದ್ದ ಹಿರಿಯರೊಬ್ಬರು, ಹರೆಯದಲ್ಲಿ ಕಲ್ಲು ಒಡೆಯುವ ಕೆಲಸ ಮಾಡಿದವರಂತೆ, ನಾನು ಬಹಳ ಹೊತ್ತು ನೋಡುತ್ತಿದ್ದುದನ್ನು ಕಂಡು ಮಾತಿಗೆ ಬಂದರು.

“ಹ್ಯಾಂಗ ತಂದ್ರು ಅಂತ ಎಲ್ಲಾರೂ ಕೇಳ್ತಾರ. ಮ್ಯಾಲೆ ಹ್ಯಾಂಗ ಏರಿಸಿದ್ರು ಅಂತ ಯಾರೂ ಕೇಳಂಗಿಲ್ಲ ನೋಡ್ರಿ.”

“ಹೇಗೆ ಏರಿಸಿರಬಹುದು, ಯಜಮಾನರೇ?”

“ಮಣ್ಣು ಹಾಕಿ ಇಳಿಜಾರು ಮಾಡಿರಬೇಕ್ರಿ. ಹಾರಿ ಕೊಟ್ಟು, ಒಂದೊಂದ ಬಟ್ಟು ಸರಿಸಿರಬೇಕು. ಅವಸರ ಮಾಡಿದ್ರ ಕಲ್ಲು ಕೈ ತಿಂತದ.”

1520ರಲ್ಲಿ ಇದೇ ಕೋಟೆಯನ್ನು ಕೃಷ್ಣದೇವರಾಯನ ಸೈನ್ಯ ಮುತ್ತಿದಾಗ ನಡೆದದ್ದು ಇದರ ವಿಲೋಮ. ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ಬರೆದಿರುವಂತೆ, ಗೋಡೆಯಿಂದ ಕಿತ್ತು ತಂದ ಪ್ರತಿ ಕಲ್ಲಿಗೂ ಗಾತ್ರಕ್ಕೆ ತಕ್ಕಂತೆ ಹಣ ಕೊಡಲಾಗುತ್ತಿತ್ತು. ಇದನ್ನು ಹೇಳಿದಾಗ ಆ ಹಿರಿಯರು ಗೋಡೆಯನ್ನೊಮ್ಮೆ ನೋಡಿ, “ಈ ಕಲ್ಲಿಗೆ ಎಷ್ಟ ಕೊಡ್ತಿದ್ರಂತ?” ಎಂದು ನಕ್ಕರು.

ಬೆಟ್ಟದ ಮೇಲಿನ ನೋಟ ಚೆನ್ನಾಗಿದೆ, ಬಿಸಿಲು ಅದಕ್ಕಿಂತ ಜೋರಾಗಿದೆ; ಹತ್ತು ಗಂಟೆಯೊಳಗೆ ಇಳಿದುಬಿಡುವುದು ಕ್ಷೇಮ.

ಮಧ್ಯಾಹ್ನ ಸುಮಾರು 20 ಕಿಲೋಮೀಟರ್ ದೂರದ ದೇವಸೂಗೂರಿಗೆ ಹೋದೆ. ಸೂಗೂರೇಶ್ವರನ ಗುಡಿ, ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಚಿಮಣಿಗಳು, ಕೃಷ್ಣೆಯ ಸೇತುವೆ ಎಲ್ಲವೂ ಒಂದಕ್ಕೊಂದು ಹತ್ತಿರದಲ್ಲಿವೆ. ಚಿಮಣಿಗಳನ್ನು ಕಂಡು ಮೂಗು ಮುರಿಯುವವರ ಜೊತೆ ನಾನಿಲ್ಲ. ರಾಜ್ಯದ ಮನೆಗಳಿಗೆ ಬೆಳಕು ಹೋಗುವುದು ಇಲ್ಲಿಂದಲೂ ತಾನೆ.

1520ರಲ್ಲಿ ರಾಯನ ಮುತ್ತಿಗೆಗೆ ಸಿಕ್ಕಿದ್ದ ತನ್ನ ಕೋಟೆಯ ಬಿಡುಗಡೆಗೆಂದು ಬಿಜಾಪುರದ ಸುಲ್ತಾನ ಇಸ್ಮಾಯಿಲ್ ಆದಿಲ್ ಷಾ ಈ ನದಿಯನ್ನು ದಾಟಿ ಬಂದಿದ್ದ. ಅವನ ಫಿರಂಗಿಗಳಿಗೆ ರಾಯನ ಮುಂಚೂಣಿ ಒಡೆದುಹೋದಾಗ, ತಾನು ಸತ್ತರೆ ರಾಣಿಯರಿಗೆ ಗುರುತಾಗಿ ತೋರಿಸೆಂದು ಉಂಗುರವನ್ನು ಸೇವಕನೊಬ್ಬನ ಕೈಗಿತ್ತು ರಾಯ ತಾನೇ ಮುನ್ನುಗ್ಗಿದನೆಂದು ನ್ಯೂನಿಜ್ ಹೇಳುತ್ತಾನೆ. ಬಿಜಾಪುರದ ಸೈನ್ಯ ಹಿಮ್ಮೆಟ್ಟಿ ಹೊಳೆಗೆ ಬಿದ್ದು, ಅಲ್ಲಿ ಅಪಾರ ಸಾವುನೋವು ಕಂಡಿತು. ಸೇತುವೆಯ ಮೇಲಿನಿಂದ ಬೇಸಗೆಯ ನದಿಯನ್ನು ನೋಡಿದರೆ, ಬಂಡೆಗಳ ನಡುವೆ ನೀರು ಅಲ್ಲಲ್ಲಿ ತೆಳುವಾಗಿ ಕಂಡು, ದಾಟುವುದೇನು ಮಹಾ ಎನ್ನಿಸುತ್ತದೆ. ಆದರೆ ಬಂಡೆಗಳ ಮೇಲೆ ಕುದುರೆ, ಆನೆ, ಫಿರಂಗಿಬಂಡಿಗಳ ಸಮೇತ, ಬೆನ್ನಟ್ಟಿ ಬರುವ ಶತ್ರುವಿನ ಎದುರು ಅವಸರದಿಂದ ಹಿಂದಿರುಗುವುದು ಎಷ್ಟು ಕಷ್ಟವೆಂಬುದು ಅಲ್ಲಿ ನಿಂತಾಗಲೇ ನನಗೆ ಸ್ಪಷ್ಟವಾಯಿತು. ಹೊಳೆಯನ್ನು ಬೆನ್ನಿಗಿಟ್ಟುಕೊಂಡು ಕಾದಿದ್ದೇ ಆದಿಲ್ ಷಾನಿಗೆ ಮುಳುವಾಯಿತು ಎಂದು ನನ್ನ ಎಣಿಕೆ.