ದಾರದ ಮೇಲಿನ ಹರಳು

1995ರಲ್ಲಿ ಮಂಡ್ಯದ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಎರಡು ಸೂಕ್ಷ್ಮದರ್ಶಕಗಳಿದ್ದವು; ಒಂದರ ಕನ್ನಡಿ ಒಡೆದಿತ್ತು. ವೈರಸ್ ಪಾಠ ಶುರುವಾದ ದಿನ ಜೀವಶಾಸ್ತ್ರದ ಮೇಷ್ಟ್ರು ಎರಡನ್ನೂ ಮುಟ್ಟಲಿಲ್ಲ. "ಇದ್ರಲ್ಲಿ ಕಾಣೋದಲ್ಲ ಕಣ್ರಪ್ಪ ಅದು" ಅಂದವರೇ ಸ್ಪಿರಿಟ್ ದೀಪ ಹಚ್ಚಿಸಿ, ಬೀಕರಿನ ನೀರಿಗೆ ಸಕ್ಕರೆ ಸುರಿಯುತ್ತಾ ಹೋದರು. ಇನ್ನು ಕರಗುವುದಿಲ್ಲ ಅನ್ನುವ ಹೊತ್ತಿಗೆ ಇಳಿಸಿ, ಒದ್ದೆ ದಾರವೊಂದನ್ನು ಸಕ್ಕರೆಯಲ್ಲಿ ಹೊರಳಿಸಿ ಒಣಗಿಸಿ, ಪೆನ್ಸಿಲ್ಲಿಗೆ ಕಟ್ಟಿ ಆರಿದ ಪಾಕದೊಳಕ್ಕೆ ಇಳಿಬಿಟ್ಟರು.

ಆಲೆಮನೆಯ ಕೊಪ್ಪರಿಗೆ ಮುಂದೆ ಆಡಿ ಬೆಳೆದ ಹುಡುಗರಿಗೆ ಸಕ್ಕರೆ ಪಾಕ ತೋರಿಸುವುದೇನು ಅಂತ ಹಿಂದಿನ ಬೆಂಚಿನಲ್ಲಿ ನಗು. ಮೊದಲ ಬೀಕರಿಗೆ ಇರುವೆ ಮುತ್ತಿತು. ಎರಡನೆಯದನ್ನು ನೀರು ತುಂಬಿದ ತಟ್ಟೆಯ ನಡುವೆ ಇಟ್ಟರು, ಮನೆಯಲ್ಲಿ ತುಪ್ಪದ ಡಬ್ಬಿ ಇಡುವ ಹಾಗೆ. ಹತ್ತು ಹನ್ನೆರಡು ದಿನಕ್ಕೆ ದಾರದ ಉದ್ದಕ್ಕೂ ಕಲ್ಲುಸಕ್ಕರೆ.

ಅವತ್ತು ಅದರ ಪಕ್ಕದಲ್ಲೇ ಹುಣಸೂರಿನಿಂದ ತರಿಸಿದ್ದ ಹೊಗೆಸೊಪ್ಪಿನ ಎಲೆಯೊಂದನ್ನು ಹರಡಿದರು. ಹಸಿರಿನ ಮೇಲೆ ತಿಳಿಹಳದಿ ತೇಪೆ, ಅಂಚು ಮುದುಡಿತ್ತು. ಮೊಸಾಯಿಕ್ ರೋಗ. "1935ರಲ್ಲಿ ಅಮೆರಿಕದ ವೆಂಡೆಲ್ ಸ್ಟ್ಯಾನ್ಲಿ ಇಂಥ ಎಲೆಗಳ ರಸ ತೆಗೆದು, ರೋಗ ತರೋದು ಯಾವುದಿತ್ತೋ ಅದನ್ನ ಹರಳು ಮಾಡಿದ. ಆ ಹರಳು ಕರಗಿಸಿ ಒಳ್ಳೆ ಎಲೆಗೆ ಉಜ್ಜಿದ್ರೆ ಮತ್ತೆ ಅದೇ ರೋಗ. ಜೀವ ಇರೋದು ಹಿಂಗೆ ಹರಳಾಗುತ್ತೇನ್ರಪ್ಪ?"

"ಹಂಗಾರೆ ಸಕ್ರೆಗೂ ಜೀವ ಅದಾ ಸಾ?" ಅಂತ ಒಬ್ಬ ಕೇಳಿದ. ಕ್ಲಾಸೆಲ್ಲ ನಕ್ಕಿತು. ಮೇಷ್ಟ್ರು ನಗಲಿಲ್ಲ, ಬೋರ್ಡಿನ ಮೇಲೆ ಕೋಲಿನಂಥ ಒಂದು ಚಿತ್ರ ಬರೆದರು. ನಡುವೆ ಸುರುಳಿ ಸುತ್ತಿದ ಒಂದೇ ಎಳೆ ಆರ್‌ಎನ್‌ಎ (ವೈರಸ್ಸಿನ ನಕಲು ಮಾಡುವ ಸೂಚನೆ ಇರುವುದು ಇದರಲ್ಲೇ), ಅದರ ಸುತ್ತ ಒಂದೇ ಬಗೆಯ 2130 ಪ್ರೋಟೀನ್ ತುಣುಕುಗಳು, ಜೋಳದ ತೆನೆಗೆ ಕಾಳು ಕಟ್ಟಿದಂತೆ. ಅಷ್ಟೇ ವೈರಸ್. ಉಣ್ಣುವುದಿಲ್ಲ, ಉಸಿರಾಡುವುದಿಲ್ಲ. ಎಲೆಯ ಜೀವಕೋಶಕ್ಕೆ ಹೊಕ್ಕರೆ ಮಾತ್ರ ಅಲ್ಲಿನ ಸಲಕರಣೆಯಿಂದಲೇ ತನ್ನ ನಕಲು ಮಾಡಿಸಿಕೊಳ್ಳುತ್ತದೆ. "ಅವರೆಕಾಳಲ್ಲಿರೋದೂ ಪ್ರೋಟೀನೇ, ನಿಮ್ಮ ಮೈಯಲ್ಲಿರೋದೂ ಆರ್‌ಎನ್‌ಎನೇ. ಸಾಮಾನೆಲ್ಲ ನಮ್ಮ ಮನೇದೇ ಕಣ್ರೋ, ಅದಕ್ಕೆ ಮನೆ ಇಲ್ಲ ಅಷ್ಟೆ."

ಮೇಷ್ಟ್ರು ಚಪ್ಪರಿಸಿಕೊಂಡು ಹೇಳಿದ್ದು ಇದರ ಮುಂದಿನ ಕಥೆಯನ್ನು. ಸ್ಟ್ಯಾನ್ಲಿ ಆ ಹರಳು ಬರೀ ಪ್ರೋಟೀನ್ ಅಂದುಬಿಟ್ಟಿದ್ದ. ಒಂದೆರಡು ವರ್ಷದಲ್ಲೇ ಇಂಗ್ಲೆಂಡಿನ ಬಾಡೆನ್ ಮತ್ತು ಪಿರೀ ಅದರಲ್ಲಿ ನೂರಕ್ಕೆ ಐದಾರು ಪಾಲು ಆರ್‌ಎನ್‌ಎ ಇರುವುದನ್ನು ತೋರಿಸಿದರು. 1956ರಲ್ಲಂತೂ ಆ ಐದಾರು ಪಾಲೇ ಸಾಕು, ಅದೊಂದೇ ರೋಗ ತರುತ್ತದೆ ಅಂತ ಗೊತ್ತಾಯಿತು. ಇತ್ತ ಸ್ಟ್ಯಾನ್ಲಿಗೆ 1946ರಲ್ಲೇ ನೊಬೆಲ್ ಸಂದಿತ್ತು. 1971ರಲ್ಲಿ ಡೀನರ್ ಆಲೂಗಡ್ಡೆಯಲ್ಲಿ ಕಂಡ ವೈರಾಯ್ಡಿಗೆ ಪ್ರೋಟೀನ್ ಹೊದಿಕೆಯೇ ಇಲ್ಲ, ಬರೀ ಆರ್‌ಎನ್‌ಎ ಬಳೆ. ಇದನ್ನು ಎರಡೇ ಮಾತಿನಲ್ಲಿ ಮುಗಿಸಿದರು, ಬೆಲ್ ಹೊಡೆದಿತ್ತು.

ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಸೇರಿಸಿದರು: ಹೊಗೆಸೊಪ್ಪಿನ ಈ ವೈರಸ್ ಬೀಡಿ ಸಿಗರೇಟಿನಲ್ಲೂ ಉಳಿದಿರುತ್ತದೆ, ಆ ಕೈಯಲ್ಲಿ ಟೊಮೆಟೊ ಗಿಡ ಮುಟ್ಟಿದರೆ ಅಂಟುತ್ತದೆ; ಸೋಪು ಹಚ್ಚಿ ಕೈ ತೊಳೆಯಬೇಕು, ಕೆಲವು ಕಡೆ ಹಾಲಿನಲ್ಲೂ ಕೈ ಅದ್ದಿಕೊಳ್ಳುತ್ತಾರೆ. ನಾನು ಊರಿಗೆ ಹೋಗಿ ಇದನ್ನೇ ಅಪ್ಪನಿಗೆ ಹೇಳಿದೆ. ಅಪ್ಪ ಕಿವಿಯಲ್ಲಿದ್ದ ಬೀಡಿ ತೆಗೆದು ಹಚ್ಚಿಕೊಂಡು, "ಕೈಗೆ ಹಾಲು ಹುಯ್ಕೊಂಡ್ರೆ ಡೈರಿಗೆ ಏನ್ ಹಾಕದ್ಲಾ?" ಅಂದರು.

ಮುಂದಿನ ಟೆಸ್ಟಿನಲ್ಲಿ ನಾನು, ನ್ಯೂಕ್ಲಿಯಿಕ್ ಆಮ್ಲ, ಅಂದರೆ ಆರ್‌ಎನ್‌ಎ ಇಲ್ಲವೇ ಡಿಎನ್‌ಎ, ಇಲ್ಲದೆ ಯಾವ ರೋಗವೂ ಹರಡದು ಅಂತ ಧೈರ್ಯವಾಗಿ ಬರೆದೆ. ಪೂರ್ತಿ ಅಂಕ ಬಂತು. ಪಕ್ಕದಲ್ಲಿ ಕೆಂಪು ಇಂಕಿನ ಪ್ರಶ್ನಾರ್ಥಕ ಚಿಹ್ನೆಯೂ ಇತ್ತು. ಕೇಳಿದ್ದಕ್ಕೆ, "ಪುಸ್ತಕದ ಪ್ರಕಾರ ಸರಿ. ಕುರಿಗಳಿಗೊಂದು ರೋಗ ಇದೆ, ಸ್ಕ್ರೇಪಿ ಅಂತ. ಅದರ ಜಗಳ ಇನ್ನೂ ಮುಗಿದಿಲ್ಲ" ಅಂದರು.

1997ರ ಅಕ್ಟೋಬರಿನಲ್ಲಿ ನಾನು ಮೈಸೂರಿನಲ್ಲಿ ಡಿಗ್ರಿ ಓದುತ್ತಿದ್ದೆ. ಸ್ಟ್ಯಾನ್ಲಿ ಪ್ರುಸಿನರ್‌ಗೆ ನೊಬೆಲ್ ಬಂದ ಸುದ್ದಿ ಲೈಬ್ರರಿಯ ಪೇಪರಿನಲ್ಲಿತ್ತು. ಆರ್‌ಎನ್‌ಎ, ಡಿಎನ್‌ಎಗಳನ್ನು ಹಾಳುಮಾಡುವ ನೇರಳಾತೀತ ಕಿರಣಕ್ಕೂ ಸ್ಕ್ರೇಪಿ ಸುಲಭಕ್ಕೆ ಜಗ್ಗುತ್ತಿರಲಿಲ್ಲ. ರೋಗ ತರುವುದು ಬರೀ ಪ್ರೋಟೀನ್ ಅಂತ 1982ರಲ್ಲಿ ಪ್ರುಸಿನರ್ ಹೇಳಿ, ಪ್ರಿಯಾನ್ ಅಂತ ಹೆಸರಿಟ್ಟಾಗ ತುಂಬ ಜನ ಒಪ್ಪಿರಲಿಲ್ಲ. ಮೊದಲನೇ ಸ್ಟ್ಯಾನ್ಲಿ ಬರೀ ಪ್ರೋಟೀನ್ ಅಂದು ಎಡವಿದ್ದ. ಎರಡನೆಯವನು ಅದೇ ಮಾತು ಹೇಳಿ ಗೆದ್ದ. ಆ ಪ್ರೋಟೀನು ಹೊರಗಿನದೂ ಅಲ್ಲ, ನಮ್ಮೆಲ್ಲರ ಮಿದುಳಿನಲ್ಲಿ ಇರುವಂಥದೇ. ಮಡಿಕೆ ಕೆಟ್ಟ ಒಂದು ಪ್ರೋಟೀನು ಪಕ್ಕದ್ದನ್ನೂ ತನ್ನ ಹಾಗೇ ಮಡಿಸುತ್ತದೆ, ಅದು ಇನ್ನೊಂದನ್ನು. ಹಾಗೇ ಮಿದುಳು ಸ್ಪಂಜಿನಂತೆ ತೂತು ಬೀಳುತ್ತದೆ. ಆಗ ಬ್ರಿಟನ್ನಿನಲ್ಲಿ ಜನರನ್ನು ನಡುಗಿಸಿದ್ದ ಹುಚ್ಚು ಹಸು ರೋಗವೂ ಇದೇ ಜಾತಿ. ಪ್ರಿಯಾನು ಕುದಿಸಿದರೂ ಸಾಯದು; ಸಾಯಲಿಕ್ಕೆ ಬದುಕಿದ್ದರೆ ತಾನೆ!

ಓದುತ್ತಾ ಕಣ್ಣ ಮುಂದೆ ಬಂದದ್ದು ಆ ಬೀಕರು. ದಾರವನ್ನು ಸಕ್ಕರೆಯಲ್ಲಿ ಯಾಕೆ ಹೊರಳಿಸಿದರು ಅಂತ ನಾವ್ಯಾರೂ ಅವತ್ತು ಕೇಳಿರಲಿಲ್ಲ. ಪಾಕ ಎಷ್ಟೇ ಗಟ್ಟಿಯಿರಲಿ, ಹರಳು ಬೇಗ ಕಟ್ಟಬೇಕಾದರೆ ಮೊದಲೊಂದು ಕಾಳು ಬೇಕು. ಉಳಿದವು ಅದನ್ನು ನೋಡಿ ಕೂರುತ್ತವೆ. ಸಕ್ಕರೆ ಕಾರ್ಖಾನೆಯ ಪ್ಯಾನಿಗೂ ಹೀಗೇ ಬೀಜ ಹಾಕುತ್ತಾರೆ.

ಅವತ್ತೇ ಮೇಷ್ಟ್ರಿಗೆ ಕಾರ್ಡು ಬರೆದೆ. ವಾರದೊಳಗೆ ಉತ್ತರ ಬಂತು, ಅದೇ ಕೆಂಪು ಇಂಕಿನಲ್ಲಿ: "ಕಾರ್ಡು ತಲುಪಿತು. ನಿನ್ನ ಹಳೇ ಟೆಸ್ಟಿನಲ್ಲಿ ಒಂದು ಅಂಕ ಕಳೆದಿದ್ದೇನೆ. ತಂದೆಯವರ ಟೊಮೆಟೊ ಹೇಗಿದೆ?"