ಟೈಗರ್ ಮಾತ್ ಪೆಟ್ಟಿಗೆ: ಒಂದು ಮಳೆಗಾಲದ ಕೆಲಸ

ಮೃಗಶಿರಾ

ಹೊಸ ಮಾಡೆಲ್ ವಿಮಾನ ಶುರುವಾಗಿದೆ, ಗಾಜಿನ ಮುಖದ ಪೆಟ್ಟಿಗೆಯೊಳಗೆ ಕೂರಿಸೋಕೆ. ಈ ಸಲ ಡಿ ಹ್ಯಾವಿಲೆಂಡ್ ಟೈಗರ್ ಮಾತ್. ಎರಡು ಜೊತೆ ರೆಕ್ಕೆ, ಎರಡು ಸೀಟು, ಮೇಲೆ ಚಾವಣಿ ಇಲ್ಲ. 1931ರ ಅಕ್ಟೋಬರಿನಲ್ಲಿ ಮೊದಲ ಸಲ ಹಾರಿತು. ನಮ್ಮ ವಾಯುಪಡೆಯ ಎಷ್ಟೋ ಪೈಲಟ್‌ಗಳು ಹಾರೋದು ಕಲಿತಿದ್ದು ಇದರಲ್ಲೇ. ಆಮೇಲೆ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿ. ಎಂ. ಘಾಟ್ಗೆಯವರು ರೂಪಿಸಿದ ಎಚ್‌ಟಿ-2 ಬಂತು. 1951ರಲ್ಲಿ ಹಾರಿದ ಆ ವಿಮಾನ ಟೈಗರ್ ಮಾತ್‌ನ ಜಾಗ ಹಿಡಿಯಿತು. ನನ್ನ ಪೆಟ್ಟಿಗೆಯ ಕಾಲ ಅದಕ್ಕೆ ಸ್ವಲ್ಪ ಮುಂಚಿನದು. ಹಳದಿ ಬಣ್ಣದ ತರಬೇತಿ ವಿಮಾನ, ರಿಪೇರಿಗೆ ಹ್ಯಾಂಗರ್ (ವಿಮಾನ ನಿಲ್ಲಿಸೋ ಶೆಡ್) ಒಳಗೆ ಬಂದಿದೆ.

ಅಳತೆ 1:12. ನಿಜವಾದ ವಿಮಾನದ ಒಂದು ಅಡಿ ನನ್ನ ಮೇಜಿನ ಮೇಲೆ ಒಂದು ಇಂಚು. ಮರಗೆಲಸದ ಆಚಾರ್ರಿಗೆ ಈ ಲೆಕ್ಕ ಹೇಳಿದ ತಕ್ಷಣ ಅರ್ಥ ಆಗುತ್ತದೆ. 1:16 ಅಂದರೆ ಕ್ಯಾಲ್ಕುಲೇಟರ್ ತೆಗೀಬೇಕು. ಟೈಗರ್ ಮಾತ್‌ನ ರೆಕ್ಕೆ ಈ ತುದಿಯಿಂದ ಆ ತುದಿಗೆ 29 ಅಡಿ 4 ಇಂಚು, ಉದ್ದ 23 ಅಡಿ 11 ಇಂಚು. ಅಂದರೆ ನನ್ನದು 29 ಇಂಚು ಚಿಲ್ಲರೆ ಅಗಲ, 24 ಇಂಚು ಉದ್ದ.

ಇದನ್ನು ಹಾಗೇ ಪೆಟ್ಟಿಗೆಯಲ್ಲಿ ಕೂರಿಸಿದರೆ ಅದು ಪೆಟ್ಟಿಗೆಯಲ್ಲ, ಬೀರು. ಗೋಡೆಗೆ ನೇತು ಹಾಕೋ ಮಾತೇ ಇಲ್ಲ. ಆದ್ದರಿಂದ ಮೊದಲ ತೀರ್ಮಾನ ವಿಮಾನದ ಬಗ್ಗೆ ಅಲ್ಲ, ನೋಡುವವರ ಕಣ್ಣಿನ ಬಗ್ಗೆ. ಶ್ಯಾಡೋ ಬಾಕ್ಸ್ ಅಂದರೆ ಕಂಪನಿ ನಾಟಕದ ರಂಗದ ಹಾಗೆ. ಒಂದೇ ಕಡೆಯಿಂದ ನೋಡೋದು, ದೀಪ ಎಲ್ಲಿದೆ ಅಂತ ಕಾಣಬಾರದು, ಹಿಂದಿನ ಪರದೆ ದೂರ ಇದ್ದ ಹಾಗೆ ಕಾಣಬೇಕು. ಕಾಣದೇ ಇರೋದನ್ನು ಕಟ್ಟುವ ಅಗತ್ಯವೇ ಇಲ್ಲ. ಇದನ್ನು ಒಪ್ಪಿಕೊಳ್ಳೋದು ಮಾಡೆಲ್ ಕಟ್ಟುವವರಿಗೆ ಕಷ್ಟ. ಕಾಣದ ಕಡೆಯ ಸ್ಕ್ರೂಗೂ ಬಣ್ಣ ಹಚ್ಚೋ ಜನ ನಾವು.

ವಿಮಾನ ಅಡ್ಡಡ್ಡ ನಿಲ್ಲುತ್ತದೆ, ಮೂತಿ ಎಡಕ್ಕೆ. ನಮ್ಮ ಕಡೆಯ ಎರಡೂ ರೆಕ್ಕೆ ಬಿಚ್ಚಿಟ್ಟಿದ್ದಾರೆ. ರಿಪೇರಿ ಅಂದ ಮೇಲೆ ಇದು ಸಹಜ. ಇದರಿಂದ ಇನ್ನೊಂದು ಲಾಭವೂ ಇದೆ. ಕಾಕ್‌ಪಿಟ್, ಎಂಜಿನ್, ಮೇಲಿನ ರೆಕ್ಕೆಯ ನಡುಭಾಗದಲ್ಲಿರುವ ಪೆಟ್ರೋಲ್ ಟ್ಯಾಂಕ್ ಎಲ್ಲ ತೆರೆದುಕೊಂಡು ಕಾಣುತ್ತವೆ. ರೆಕ್ಕೆ ಇದ್ದಿದ್ದರೆ ಇದರಲ್ಲಿ ಅರ್ಧ ಮುಚ್ಚಿಹೋಗುತ್ತಿತ್ತು. ಆಚೆ ಕಡೆಯ ರೆಕ್ಕೆಗಳು ಮಾತ್ರ ಹಿಂದಕ್ಕೆ ಚಾಚಿಕೊಂಡಿವೆ.

ಆರಿದ್ರಾ

ಹೊರಗೆ ಮಳೆ ಬಿಡುತ್ತಿಲ್ಲ. ಒಳಗೆ ಲೆಕ್ಕ ಬಿಡುತ್ತಿಲ್ಲ.

ಆಚೆ ರೆಕ್ಕೆ ಸರಿಯಾದ ಅಳತೆಯಲ್ಲಿ 14 ಇಂಚು ಹಿಂದಕ್ಕೆ ಹೋಗಬೇಕು. ನನ್ನ ಹತ್ತಿರ ಇರೋದು 8 ಇಂಚು ಜಾಗ. ಸುಮ್ನೆ ಕತ್ತರಿಸಿದರೆ ಮೋಟು ರೆಕ್ಕೆ ಅಂತ ಯಾರಿಗಾದರೂ ಗೊತ್ತಾಗುತ್ತದೆ. ಆದರೆ ದೂರ ಹೋದಷ್ಟೂ ವಸ್ತು ಚಿಕ್ಕದಾಗಿ ಕಾಣುತ್ತದೆ ಅಲ್ವಾ? ಹಾಗಾದರೆ ಆ ಚಿಕ್ಕದಾಗೋದನ್ನು ರೆಕ್ಕೆಯಲ್ಲೇ ಕಟ್ಟಿಬಿಡೋಣ.

ನೋಡುವವರ ಕಣ್ಣು ಗಾಜಿನಿಂದ 18 ಇಂಚು ದೂರ ಅಂತ ಇಟ್ಟುಕೊಂಡೆ. ವಿಮಾನದ ಮೈ ಗಾಜಿನಿಂದ 6 ಇಂಚು ಒಳಗೆ. ಅಲ್ಲಿಗೆ 24. ರೆಕ್ಕೆಯ ತುದಿ ನಿಜವಾಗಿ ಇರಬೇಕಾದದ್ದು 38 ಇಂಚು ದೂರದಲ್ಲಿ, ನಾನು ಇಡೋದು 32ರಲ್ಲಿ. 32ನ್ನು 38ರಿಂದ ಭಾಗಿಸಿದರೆ 0.84. ಅಂದರೆ ತುದಿಯ ರಿಬ್ (ರೆಕ್ಕೆಗೆ ಆಕಾರ ಕೊಡುವ ಅಡ್ಡಪಟ್ಟಿ) ಅಸಲಿನ 84% ಇದ್ದರೆ ಕಣ್ಣಿಗೆ ವ್ಯತ್ಯಾಸ ತಿಳಿಯೋದಿಲ್ಲ. ಬುಡದಲ್ಲಿ ರಿಬ್ ಸುಮಾರು 4.4 ಇಂಚು ಉದ್ದ, ತುದಿಯಲ್ಲಿ 3.7. ದಪ್ಪವೂ ಅದೇ ಲೆಕ್ಕದಲ್ಲಿ ಇಳಿಯಬೇಕು. ರಿಬ್‌ಗಳ ನಡುವಿನ ಅಂತರ ಕೂಡ ತುದಿಗೆ ಹೋಗುತ್ತಾ ಕಡಿಮೆ ಆಗಬೇಕು. ಇದನ್ನು ಮರೆತರೆ ಉಳಿದ ಲೆಕ್ಕ ಎಲ್ಲ ವ್ಯರ್ಥ, ಯಾಕೆಂದರೆ ಕಣ್ಣು ದೂರವನ್ನು ಅಳೆಯೋದು ಆ ಸಾಲಿನಿಂದಲೇ.

ಹಾಗಾಗಿ ಒಂದೇ ಅಚ್ಚಿನಲ್ಲಿ ರಿಬ್ ಕತ್ತರಿಸೋ ಹಾಗಿಲ್ಲ. ಪ್ರತಿಯೊಂದೂ ಬೇರೆ. ಬಾಲ್ಸಾ ಅನ್ನೋ ಹಗುರ ಮರದ ಒಂದೂವರೆ ಮಿಲಿಮೀಟರ್ ಹಾಳೆಯಿಂದ ಒಂದೊಂದಾಗಿ ಕತ್ತರಿಸಿ, ಹಿಂದೆ ಪೆನ್ಸಿಲ್‌ನಲ್ಲಿ ನಂಬರ್ ಬರೆದಿಟ್ಟಿದ್ದೇನೆ. ಅಕ್ಕನ ಮಗ ಬಂದು ರೆಕ್ಕೆಯನ್ನು ಮೇಲಿಂದ ನೋಡಿದ. "ಮಾಮ, ಇದು ಸೊಟ್ಟ ಇದೆ" ಅಂದ. ಮೇಲಿಂದ ನೋಡಿದರೆ ಸೊಟ್ಟವೇ. ಮೇಲಿಂದ ಯಾರೂ ನೋಡಬಾರದು ಅಂತಲೇ ಪೆಟ್ಟಿಗೆ.

ಪುನರ್ವಸು

ಟೈಗರ್ ಮಾತ್‌ನ ರೆಕ್ಕೆ ಮರದ್ದು, ಮೈ ಉಕ್ಕಿನ ಕೊಳವೆಯ ಹಂದರ. ಎರಡಕ್ಕೂ ಮೇಲೆ ಬಟ್ಟೆ. ಬಾಲದ ಕಡೆ ಬಟ್ಟೆ ಬಿಚ್ಚಿದ ಹಾಗೆ ತೋರಿಸುವ ಆಸೆ ನನಗೆ, ಹಾಗಾಗಿ ಹಂದರ ಕಾಣಲೇಬೇಕು. ಒಂದು ಇಂಚು ದಪ್ಪದ ಕೊಳವೆ ಈ ಅಳತೆಯಲ್ಲಿ ಎರಡು ಮಿಲಿಮೀಟರ್. ಸೈಕಲ್ಲಿನ ಮಾಮೂಲಿ ಕಡ್ಡಿಯೂ ಎರಡೇ ಮಿಲಿಮೀಟರ್! ಸೈಕಲ್ ಶಾಪಿನಲ್ಲಿ ಹಳೇ ಕಡ್ಡಿಗಳ ಕಟ್ಟು ಹೆಚ್ಚುಕಮ್ಮಿ ಪುಕ್ಕಟೆ ಸಿಕ್ಕಿತು. ಸತುವಿನ ಲೇಪ ಇರುವ ಕಡ್ಡಿಗೆ ಬೆಸುಗೆ ಚೆನ್ನಾಗಿ ಹಿಡಿಯುತ್ತದೆ. ಸ್ಟೇನ್‌ಲೆಸ್ ಕಡ್ಡಿಗೆ ಹಿಡಿಯೋದು ಕಷ್ಟ. ಆರಿಸಿಕೊಳ್ಳುವಾಗ ಇಷ್ಟು ನೋಡಿಕೊಂಡರೆ ಸಾಕು.

ಎಂಜಿನ್ ಜಿಪ್ಸಿ ಮೇಜರ್. ನಾಲ್ಕು ಸಿಲಿಂಡರ್ ಸಾಲಾಗಿ, ತಲೆಕೆಳಗಾಗಿ ನೇತಾಡುತ್ತವೆ. ಹೀಗೆ ಉಲ್ಟಾ ಇಟ್ಟಿದ್ದರಿಂದ ಪ್ರೊಪೆಲರ್ ಮೇಲಕ್ಕೆ ಬಂತು, ಪೈಲಟ್‌ನ ಕಣ್ಣಿಗೆ ಎಂಜಿನ್ ಅಡ್ಡ ಬರೋದು ಕಡಿಮೆಯಾಯಿತು. ದೊಡ್ಡ ಬಿಲ್ಲೆ, ಚಿಕ್ಕ ಬಿಲ್ಲೆ ಒಂದರ ಮೇಲೊಂದು ಜೋಡಿಸಿದರೆ ಸಿಲಿಂಡರನ್ನು ತಂಪಾಗಿಡುವ ಗಾಳಿಗೆರೆಗಳು ಸಿದ್ಧ. ಆಚೆ ಬದಿ ಕಟ್ಟಿಲ್ಲ. ಸ್ವಲ್ಪ ಸಂಕಟ ಆಯಿತು, ಆದರೂ ಕಟ್ಟಲಿಲ್ಲ.

ಪುಷ್ಯ

ಬಟ್ಟೆಯ ಕೆಲಸಕ್ಕೆ ಚಿಕ್ಕಮಗಳೂರಿನಲ್ಲಿ ಇದಕ್ಕಿಂತ ಕೆಟ್ಟ ಕಾಲ ಇಲ್ಲ. ಆದರೆ ರಿಬ್ ಮುಗಿದಿತ್ತು, ಕೈ ಸುಮ್ಮನಿರಲಿಲ್ಲ.

ಮೊದಲಿಗೆ ಬಟ್ಟೆ ಯಾವುದು ಅನ್ನೋ ಪ್ರಶ್ನೆ. ತೆಳ್ಳನೆಯ ಮಲ್ ಪಂಚೆಯ ತುಂಡೊಂದನ್ನು ಹಾಸಿ ನೋಡಿದೆ. ಕೈಗೆ ನಯ, ಆದರೆ ಹನ್ನೆರಡು ಪಟ್ಟು ದೊಡ್ಡದು ಮಾಡಿ ಯೋಚಿಸಿ, ಗೋಣಿಚೀಲ! ನಿಜವಾದ ವಿಮಾನದ ಲಿನನ್‌ನ ಎಳೆ ಈ ಅಳತೆಯಲ್ಲಿ ಕಾಣಲೇಬಾರದು. ಆದ್ದರಿಂದ ಟಿಶ್ಯೂ ಕಾಗದ. ತೆಳು ಮಾಡಿದ ಫೆವಿಕಾಲ್‌ನಲ್ಲಿ ಅಂಚು ಅಂಟಿಸಿ, ನೀರು ಚಿಮುಕಿಸಿ ಬಿಟ್ಟರೆ ಒಣಗುವಾಗ ಬಿಗಿಯುತ್ತದೆ. ಬೇಸಿಗೆಯಲ್ಲಾದರೆ ಡೋಲಿನ ಚರ್ಮದಷ್ಟು ಬಿಗಿ. ಪುಷ್ಯ ಮಳೆಯಲ್ಲಿ ಬೆಳಿಗ್ಗೆ ಬಿಗಿದದ್ದು ಸಂಜೆಗೆ ಜೋಲು.

ಇದನ್ನು ತಡೆಯೋಕೆ ಡೋಪ್ ಬಳಿಯಬೇಕು. ಹಳೆಯ ವಿಮಾನಗಳ ಬಟ್ಟೆಗೂ ಬಳಿಯುತ್ತಿದ್ದದ್ದು ಅದೇ. ಬಟ್ಟೆಯನ್ನು ಬಿಗಿಯುತ್ತದೆ, ನೀರು ಗಾಳಿ ಒಳಗೆ ಬಿಡೋದಿಲ್ಲ. ಊರಿನ ಪೇಂಟ್ ಅಂಗಡಿಯಲ್ಲಿ ಡೋಪ್ ಅಂದರೆ ಬೇರೇನೋ ಅಂದುಕೊಂಡಾರು! ಪೀಠೋಪಕರಣಕ್ಕೆ ಹೊಡೆಯುವ ಎನ್‌ಸಿ ಲ್ಯಾಕರ್ ಕೇಳಿದರೆ ಸಾಕು. ಎನ್‌ಸಿ ಅಂದರೆ ನೈಟ್ರೋಸೆಲ್ಯುಲೋಸ್, ಡೋಪಿನ ಮೂಲವೂ ಬಹಳ ಕಡೆ ಅದೇ. ಅರ್ಧಕ್ಕರ್ಧ ಥಿನ್ನರ್ ಸೇರಿಸಿ, ಕೆಲವು ತೊಟ್ಟು ಹರಳೆಣ್ಣೆ ಹಾಕುತ್ತೇನೆ. ಹರಳೆಣ್ಣೆ ಇಲ್ಲದಿದ್ದರೆ ಪದರ ಒಣಗಿ ಒಣಗಿ ಬಿಗಿಯುತ್ತಲೇ ಹೋಗಿ ರೆಕ್ಕೆಯನ್ನೇ ತಿರುಚಿಬಿಡುತ್ತದೆ. ಅಂದಹಾಗೆ ಮೊದಲ ಮಹಾಯುದ್ಧದ ಕಾಲದ ಸುತ್ತುವ ಎಂಜಿನ್‌ಗಳಿಗೂ ಹರಳೆಣ್ಣೆಯೇ ಆಯಿಲ್. ಅದು ಪೈಲಟ್‌ಗಳ ಮುಖಕ್ಕೆ ಸಿಡಿಯುತ್ತಿತ್ತು. ಹರಳೆಣ್ಣೆ ಹೊಟ್ಟೆಗೆ ಹೋದರೆ ಏನಾಗುತ್ತದೆ ಅಂತ ನಮ್ಮ ಅಜ್ಜಿಯರನ್ನು ಕೇಳಬೇಕು.

ಮಳೆಗಾಲದ ಕಾಟ ಏನೆಂದರೆ ಲ್ಯಾಕರ್ ಬೆಳ್ಳಗಾಗೋದು. ಥಿನ್ನರ್ ಬೇಗ ಆವಿಯಾಗುತ್ತದೆ, ಆಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿರುವ ತೇವ ಅದರ ಮೇಲೆ ಇಳಿಯುತ್ತದೆ. ಗಾಜಿನ ಹಾಗೆ ಇರಬೇಕಾದ ಪದರ ಬೂಸ್ಟು ಬಂದ ಹಾಗೆ ಕಾಣುತ್ತದೆ. ಪಾಲಿಶ್ ಕೆಲಸದವರಿಗೆಲ್ಲ ಇದು ಗೊತ್ತು. ಅವರು ನಿಧಾನ ಆರುವ ರಿಟಾರ್ಡರ್ ಬೆರೆಸುತ್ತಾರೆ. ನಾನೂ ಬೆರೆಸಿದೆ. ಜೊತೆಗೆ ಹಳೇ ಸ್ಟೀಲ್ ಬೀರುವಿನಲ್ಲಿ 60 ವ್ಯಾಟ್ ಬಲ್ಬ್ ಉರಿಸಿ, ರೆಕ್ಕೆಯನ್ನು ಮೊದಲು ಅದರಲ್ಲಿ ಬೆಚ್ಚಗೆ ಮಾಡಿ ಆಮೇಲೆ ಹೊರಗೆ ತಂದು ಬಳಿಯೋದು. ಬಳಿದ ರೆಕ್ಕೆಯನ್ನು ಕಿಟಕಿಯ ಹತ್ತಿರ ಪೂರ್ತಿ ಆರಿಸಿ, ವಾಸನೆ ಹೋದ ಮೇಲೆಯೇ ಮತ್ತೆ ಬೀರುವಿಗೆ. ಹಸಿ ಲ್ಯಾಕರಿನ ಆವಿ ಮುಚ್ಚಿದ ಬೀರುವಿನಲ್ಲಿ ತುಂಬಿದರೆ ಬೆಂಕಿಗೆ ಆಹ್ವಾನ. "ಬಟ್ಟೆ ಒಣಗೋ ಹಂಡೆ ಒಲೆ ಹತ್ತಿರ ಇಡು" ಅಂತ ಅಮ್ಮ ಹೇಳಿದರು. ಅದಂತೂ ಬೇಡವೇ ಬೇಡ.

ಇದರ ನಡುವೆ ಒಂದು ಒಳ್ಳೆಯ ಯೋಚನೆ ಬಂತು. ಆಗಿನ ಬಟ್ಟೆಗೆ ಡೋಪ್ ಆದ ಮೇಲೆ ಅಲ್ಯೂಮಿನಿಯಂ ಪುಡಿ ಬೆರೆಸಿದ ಬೆಳ್ಳಿ ಪದರ ಹೊಡೆಯುತ್ತಿದ್ದರು, ಬಿಸಿಲಿಗೆ ಬಟ್ಟೆ ಹಾಳಾಗದಿರಲಿ ಅಂತ. ಹಳದಿ ಬಣ್ಣ ಅದರ ಮೇಲೆ. ಬೆಳ್ಳಿ ಪದರ ಇದ್ದರೆ ಬೆಳಕು ರೆಕ್ಕೆಯಿಂದ ದಾಟೋದಿಲ್ಲ. ನನಗೆ ದಾಟಬೇಕು. ಹಾಗಾಗಿ ಆಚೆ ಮೇಲಿನ ರೆಕ್ಕೆಗೆ ಈಗಷ್ಟೇ ಹೊಸ ಬಟ್ಟೆ ಹಾಕಿ, ಬಣ್ಣವಿಲ್ಲದ ಡೋಪ್ ಮಾತ್ರ ಮುಗಿಸಿದ್ದಾರೆ ಅಂತ ಕಥೆ ಕಟ್ಟಿದೆ. ಹಿಂದಿನಿಂದ ದೀಪ ಬಿದ್ದಾಗ ರಿಬ್‌ಗಳು ಸಾಲಾಗಿ ನೆರಳಾಗಿ ಕಾಣುತ್ತವೆ. ಟಾರ್ಚ್ ಹಿಡಿದು ನೋಡಿದೆ. ಇಡೀ ಕೆಲಸದಲ್ಲಿ ಇಲ್ಲಿಯವರೆಗೆ ನನಗೆ ಜಾಸ್ತಿ ಇಷ್ಟವಾದದ್ದು ಇದೇ.

ಆಶ್ಲೇಷ

ತಂತಿ. ಎರಡು ರೆಕ್ಕೆಯ ವಿಮಾನದ ಜೀವ ತಂತಿಯಲ್ಲಿದೆ. ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿಗೆ ಶಾಲೆಯಿಂದ ಟ್ರಿಪ್ ಹೋದವರು ರೈಟ್ ಸಹೋದರರ 1903ರ ವಿಮಾನದ ಪೂರ್ಣ ಗಾತ್ರದ ಪ್ರತಿಕೃತಿ ನೋಡಿರುತ್ತೀರಿ. ಮೊದಲ ಹಾರಾಟ 12 ಸೆಕೆಂಡ್, 120 ಅಡಿ. ಅದರಲ್ಲೂ ಇದೇ ಉಪಾಯ: ಮೇಲೊಂದು ರೆಕ್ಕೆ, ಕೆಳಗೊಂದು, ನಡುವೆ ಕಂಬ, ಓರೆಯಾಗಿ ತಂತಿ. ಕಬ್ಬಿಣದ ರೈಲ್ವೆ ಸೇತುವೆ ನಿಲ್ಲುವುದೂ ಇದೇ ತತ್ವದಲ್ಲಿ. ತೆಳ್ಳನೆಯ ಮರಕ್ಕೆ ಅಷ್ಟು ಬಲ ಬರೋದು ಹೀಗೆ.

ಮೈಯ ಬುಡದಿಂದ ಮೇಲಿನ ರೆಕ್ಕೆಯ ಹೊರಭಾಗಕ್ಕೆ ಹೋಗುವ ತಂತಿಗಳು ಹಾರುವಾಗ ರೆಕ್ಕೆ ಮೇಲಕ್ಕೆ ಬಾಗದ ಹಾಗೆ ಹಿಡಿಯುತ್ತವೆ. ಮೇಲಿನ ನಡುಭಾಗದಿಂದ ಕೆಳರೆಕ್ಕೆಗೆ ಇಳಿಯುವ ತಂತಿಗಳು ನೆಲದಲ್ಲಿದ್ದಾಗ ರೆಕ್ಕೆಯ ಭಾರ ಹೊರುತ್ತವೆ. ಇವು ದುಂಡಗಿಲ್ಲ. ಗಾಳಿ ಸೀಳೋಕೆ ಚಪ್ಪಟೆ ಮಾಡಿದ ಉಕ್ಕು. ದೂರದಿಂದ ನೋಡಿದರೂ ಒಂದು ಕೋನದಲ್ಲಿ ಮಿಂಚಿ, ಇನ್ನೊಂದರಲ್ಲಿ ಮಾಯವಾಗುತ್ತವೆ. ದುಂಡು ತಂತಿ ಹಾಕಿದರೆ ಆ ಮಿಂಚು ಬರೋದಿಲ್ಲ.

ವೀಣೆಯ ಉಕ್ಕಿನ ತಂತಿ ತಗೊಂಡು ಬೆಳ್ಳಿ ಕೆಲಸದವರ ಹತ್ತಿರ ಹೋದೆ, ಅವರ ರೋಲರಿನಲ್ಲಿ ಚಪ್ಪಟೆ ಮಾಡಿಸೋಣ ಅಂತ. ಅವರು ಬೆರಳಲ್ಲಿ ಬಗ್ಗಿಸಿ ನೋಡಿ, "ಇದನ್ನ ಹಾಕಿದ್ರೆ ನನ್ನ ರೋಲರ್‌ಗೆ ಗೀರು ಬೀಳುತ್ತೆ, ನಾಳೆಯಿಂದ ಎಲ್ಲಾ ಬಳೆ ಮೇಲೂ ಅದೇ ಗೀರು" ಅಂದರು. ನ್ಯಾಯವಾದ ಮಾತು. ಹಿತ್ತಾಳೆ ತಂತಿ ಕೊಟ್ಟರು, ಕಾಯಿಸಿ ಮೆತ್ತಗೆ ಮಾಡಿ ಎಳೆದು ಚಪ್ಪಟೆ ಮಾಡಿಯೂ ಕೊಟ್ಟರು. ಮನೆಗೆ ತಂದು ಒಂದು ತುದಿ ವೈಸ್‌ಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಇಕ್ಕಳದಲ್ಲಿ ಹಿಡಿದು ನಿಧಾನ ಎಳೆಯಬೇಕು. ಸ್ವಲ್ಪ ಹಿಗ್ಗಿದ್ದು ಕೈಗೆ ಗೊತ್ತಾಗುತ್ತದೆ. ಅಲ್ಲಿಗೆ ತಂತಿ ಗೆರೆ ಎಳೆದಷ್ಟು ನೇರ, ಗಡಸೂ ಆಗಿರುತ್ತದೆ. ಮೇಲೆ ತೆಳುವಾಗಿ ತವರದ ಬೆಸುಗೆ ಸವರಿದರೆ ಉಕ್ಕಿನ ಬಣ್ಣ.

ಮಘೆ

ಪೆಟ್ಟಿಗೆ ಬಂತು. ಒಳಗೆ ಪ್ಲೈವುಡ್, ಮುಂದಿನ ಚೌಕಟ್ಟು ಸಿಲ್ವರ್ ಓಕ್. ಇಲ್ಲಿನ ಕಾಫಿ ತೋಟಗಳಲ್ಲಿ ನೆರಳಿಗೂ ಮೆಣಸಿನ ಬಳ್ಳಿಗೂ ಬೆಳೆಸುವ ಮರ. ಇದನ್ನು ಪ್ಯಾಕಿಂಗ್ ಪೆಟ್ಟಿಗೆಗೆ ಮಾತ್ರ ಲಾಯಕ್ಕು ಅಂತ ಬದಿಗೆ ತಳ್ಳುತ್ತಾರೆ. ಸರಿಯಾಗಿ ಸೀಳಿ ಹತ್ರಿ ಹೊಡೆದರೆ ಅದರ ಚುಕ್ಕೆ ಚುಕ್ಕೆ ಹೊಳಪು ತೇಗಕ್ಕೂ ಇಲ್ಲ. ಆಚಾರ್ರು ಹಲಸಿನ ಮರ ಹಾಕೋಣ ಅಂತಿದ್ದರು. ಈಗ ಅವರೂ ಸುಮ್ಮನಾಗಿದ್ದಾರೆ.

ಮುಂದಿನ ಕಿಂಡಿ ಪೆಟ್ಟಿಗೆಯ ಒಳಗಿಗಿಂತ ಚಿಕ್ಕದು, ಮೂಲೆಗಳು ಕಾಣದಿರಲಿ ಅಂತ. ಹಿಂದಿನ ಪರದೆ ಬಾಗಿದೆ. ಗಾಜನ್ನು ಮೇಲುಗಡೆ ಸ್ವಲ್ಪ ಮುಂದಕ್ಕೆ ಓರೆ ಮಾಡಿದೆ. ಆಗ ಅದು ಎದುರಿನ ಕಿಟಕಿಯನ್ನಲ್ಲ, ಕೆಳಗಿನ ನೆಲವನ್ನು ತೋರಿಸುತ್ತದೆ. ನೆಲ ಹಿಂದಕ್ಕೆ ಹೋಗುತ್ತಾ ಏರುತ್ತದೆ. ದಿಗಂತದ ಗೆರೆ ಪೆಟ್ಟಿಗೆಯ ನೆಲದಿಂದ ಐದೂವರೆ ಇಂಚು ಮೇಲೆ, ಅಂದರೆ ಹ್ಯಾಂಗರಿನಲ್ಲಿ ನಿಂತ ಮನುಷ್ಯನ ಕಣ್ಣಿನ ಮಟ್ಟ. ಪೆಟ್ಟಿಗೆಯನ್ನು ಗೋಡೆಗೆ ಹಾಕುವಾಗಲೂ ಆ ಗೆರೆಯೇ ನಮ್ಮ ಕಣ್ಣಿಗೆ ಬರಬೇಕು. ಎಲ್‌ಇಡಿ ಪಟ್ಟಿ ಎರಡು: ಬಾಗಿಲ ಕಡೆಯಿಂದ ಬೆಚ್ಚನೆಯ ಬೆಳಕು, ಮೇಲಿನಿಂದ ಆಕಾಶದ ತಣ್ಣನೆಯ ಬೆಳಕು ಮಂದವಾಗಿ.

ಹಿಂದಿನ ಪರದೆಯ ಬಗ್ಗೆ ಮನೆಯಲ್ಲಿ, ಗೆಳೆಯರಲ್ಲಿ ಒಂದೇ ಒತ್ತಾಯ. ಮುಳ್ಳಯ್ಯನಗಿರಿ ಬರೆ ಅಂತ. ಟೈಗರ್ ಮಾತ್ 13,600 ಅಡಿವರೆಗೂ ಏರಬಲ್ಲದು, ಸುಮಾರು 6,300 ಅಡಿಯ ಮುಳ್ಳಯ್ಯನಗಿರಿ ಅದಕ್ಕೆ ಲೆಕ್ಕವೇ ಅಲ್ಲ, ನಿಜ. ಆದರೆ ಗಿರಿಯ ಬುಡದಲ್ಲಿ ವಾಯುಪಡೆಯ ಹ್ಯಾಂಗರ್ ಎಲ್ಲಿತ್ತು? ಬಯಲುಸೀಮೆಯ ಒಣ ಹುಲ್ಲು, ಒಂದೆರಡು ಜಾಲಿ ಮರ, ಬಿಳಿಚಿಕೊಂಡ ಆಕಾಶ ಬರೆದೆ. ಯಾರಿಗೂ ಇಷ್ಟವಾಗಿಲ್ಲ. ನನಗೆ ಆಗಿದೆ.

ಮನುಷ್ಯನ ಗೊಂಬೆ ಬೇಕೋ ಬೇಡವೋ ಅಂತ ಬಹಳ ಯೋಚಿಸಿದೆ. ಈ ಅಳತೆಯಲ್ಲಿ ಮುಖ ಸ್ವಲ್ಪ ಕೆಟ್ಟರೂ ಇಡೀ ದೃಶ್ಯ ಆಟಿಕೆಯಾಗುತ್ತದೆ. ಕೊನೆಗೆ ಮೆಕ್ಯಾನಿಕ್ ವಿಮಾನದ ಆಚೆ ನಿಂತಿದ್ದಾನೆ. ಹೊಟ್ಟೆಯ ಕೆಳಗಿಂದ ಅವನ ಖಾಕಿ ಪ್ಯಾಂಟು, ಬೂಟು ಮಾತ್ರ ಕಾಣುತ್ತವೆ. ಮೊಣಕಾಲಿಂದ ಮೇಲೆ ಅವನು ಬರೀ ತಂತಿ.

ಹುಬ್ಬೆ

ಈಗ ಪ್ರೊಪೆಲರ್. ಮರದ್ದು, ಎರಡು ಎಲೆ. ಸಿಲ್ವರ್ ಓಕ್‌ನ ತೆಳು ಪಟ್ಟಿಗಳನ್ನು ಒಂದರ ಮೇಲೊಂದು ಅಂಟಿಸಿ ಕ್ಲಾಂಪ್ ಹಾಕಿಟ್ಟಿದ್ದೇನೆ. ಕೆತ್ತುವಾಗ ಪದರಗಳ ಗೆರೆ ಬಾಗಿ ಬಾಗಿ ಹೊರಬರುತ್ತವೆ, ಅಸಲಿನಲ್ಲೂ ಹಾಗೇ. ಕೆತ್ತೋಕೆ ಮುಂಚೆ ದಿಕ್ಕು ನೋಡಿಕೊಳ್ಳಬೇಕು. ಜಿಪ್ಸಿ ಮೇಜರ್ ಸುತ್ತೋದು ಬಹಳಷ್ಟು ಅಮೆರಿಕನ್ ಎಂಜಿನ್‌ಗಳಿಗೆ ವಿರುದ್ಧ. ಕಾಕ್‌ಪಿಟ್‌ನಿಂದ ನೋಡಿದರೆ ಎಡಕ್ಕೆ, ಮೂತಿಯ ಎದುರು ನಿಂತರೆ ಗಡಿಯಾರದ ಮುಳ್ಳಿನ ಹಾಗೆ. ಎಲೆಯ ತಿರುವು ಅದಕ್ಕೆ ಸರಿಯಾಗಿರಬೇಕು. ಇಂಟರ್‌ನೆಟ್‌ನಲ್ಲಿ ಸಿಗುವ ಕೆತ್ತನೆಯ ನಕ್ಷೆಗಳಲ್ಲಿ ಜಾಸ್ತಿಯವು ಇನ್ನೊಂದು ದಿಕ್ಕಿನವು. ಹಾಗಾಗಿ ನಕ್ಷೆಯನ್ನು ಟ್ರೇಸಿಂಗ್ ಕಾಗದಕ್ಕೆ ಇಳಿಸಿ, ಮಗುಚಿ ಮರಕ್ಕೆ ಅಂಟಿಸಿದ್ದೇನೆ. ಕ್ಲಾಂಪ್ ನಾಳೆ ಬಿಚ್ಚಬಹುದು. ಲ್ಯಾಕರ್ ಮಾತ್ರ ಉತ್ತರೆ ಮಳೆ ಹೇಗೆ ಬರುತ್ತದೆ ನೋಡಿಕೊಂಡು.